ದಂಡ ಯಾರದು, ಋಣ ಯಾರದು?

ಬೀದರ ಜಿಲ್ಲೆಯ ಔರಾದ ತಾಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ದೂರವಲ್ಲದ ಎಡೆಯಲ್ಲಿ, ಎಕಂಬಾ ಎಂಬ ಊರಿದೆ. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಇಂದು ನಾನು ಹೇಳಬೇಕೆಂದಿರುವುದು ಒಂಬೈನೂರು ವರ್ಷಗಳಷ್ಟು ಹಳೆಯದಾದ ಒಂದು ನಿಯಮದ ಕಥೆ. ಆದರೆ ಆ ನಿಯಮದ ಕಡೆಗೆ ನಾನು ನಡೆದು ಹೋದದ್ದು ನಮ್ಮ ಮನೆಯ ಅಂಗಳದಿಂದ. ಆದುದರಿಂದ ಮೊದಲಿಗೆ ನಾಲ್ಕು ಮನೆಮಾತುಗಳನ್ನು ಆಡಲು ಕೇಳುಗರು ಅಪ್ಪಣೆ ಕೊಡಬೇಕು.

ಅದು 1970ರ ಶ್ರಾವಣ ಮಾಸ. ನನಗಾಗ ಒಂಬತ್ತೋ ಹತ್ತೋ ವರ್ಷ. ತಂದೆಯವರು ಹೊಲಕ್ಕೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಕಚೇರಿಯ ಇಬ್ಬರು ಜವಾನರು, ಊರಿನ ಇಬ್ಬರನ್ನು ಪಂಚರೆಂದು ಜೊತೆಗೆ ಕರೆದುಕೊಂಡು, ನಮ್ಮ ಬಾಗಿಲಿಗೆ ಬಂದರು. ಅವರ ಕೈಯಲ್ಲಿ ನಮ್ಮ ಕಾಕಾನ ಹೆಸರಿನ ವಾರಂಟು ಇತ್ತು. ಕಾಕಾ ಎಂದರೆ ನನ್ನ ತಂದೆಯ ತಮ್ಮ. ಸಂತೆಯಲ್ಲಿ ಯಾರೊಡನೆಯೋ ಹೊಡೆದಾಡಿ, ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ನೂರೈವತ್ತು ರೂಪಾಯಿ ದಂಡಕ್ಕೆ ಗುರಿಯಾಗಿದ್ದ. ಹಣ ಕಟ್ಟುವುದಕ್ಕೆ ಸಮಯ ಕೇಳಿ, ಮುಚ್ಚಳಿಕೆ ಬರೆದುಕೊಟ್ಟು ಬಂದವನು ಕಟ್ಟದೆಯೇ ಹೈದರಾಬಾದಿನ ಕಡೆಗೆ ಕೂಲಿಗೆ ಹೊರಟುಹೋಗಿದ್ದ.

ಬಂದವರು ಒರಟರೇನೂ ಅಲ್ಲ. ಕುಡಿಯಲು ನೀರು ಕೇಳಿದರು. ಆಯಿ, ಎಂದರೆ ನನ್ನ ತಂದೆಯ ತಾಯಿ, ಹಿತ್ತಾಳೆಯ ಕೊಡದಿಂದ ನೀರು ಬಗ್ಗಿಸಿ ಕೊಟ್ಟಳು. ನೀರು ಕುಡಿದ ಮೇಲೆ ಆ ಕೊಡವನ್ನೂ ಪಟ್ಟಿಗೆ ಸೇರಿಸಿದರು. ಅದರ ಮೇಲೆ ತಾಮ್ರದ ಹಂಡೆ. ಅದು ಆಯಿ ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ಹಂಡೆಗೆ ಕೈ ಹಚ್ಚಿದಾಗ ಆಯಿ ಕೇಳಿದಳು: "ಜುರ್ಮಾನಿ ಬಿದ್ದದ್ದು ನನ್ನ ಮಗನಿಗಿ. ಈ ಹಂಡೆ ಏನ್ ತಪ್ಪು ಮಾಡ್ಯಾದ?"

ಅವರಲ್ಲಿ ಹಿರಿಯನಾದವನು ಮೆತ್ತಗೆ ಉತ್ತರ ಕೊಟ್ಟ: "ಮನಿ ಒಂದೇ ಅಲ್ಲೇನು, ಆಯಿ? ತಮ್ಮ ಇಲ್ಲದಿದ್ರ ಅಣ್ಣ ಇದ್ದಾನ. ಅಣ್ಣ ಕಟ್ಟಲಿ."

ಹಂಡೆ ಗಾಡಿಯೇರಿ ಹೋಯಿತು. ಮರುದಿನ ತಂದೆಯವರು ಕೈಗಡ ಮಾಡಿ ದಂಡ ಕಟ್ಟಿ, ಹಂಡೆಯನ್ನೂ ಕೊಡವನ್ನೂ ಬಿಡಿಸಿಕೊಂಡು ಬಂದರು. ಕಾಕಾನ ಹೆಸರಿನ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನ ತಳದಲ್ಲಿ ಇಟ್ಟರು. ಮುಂದೆ ಅನೇಕ ದಿನ ಅವರು ಊರ ಕಟ್ಟೆಯ ಮೇಲೆ ಕುಳಿತದ್ದನ್ನು ನಾನು ಕಾಣಲಿಲ್ಲ. ಆಯಿಯ ಪ್ರಶ್ನೆಗೆ ಮಾತ್ರ ಆ ದಿನ ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಒಂದಕ್ಷರ ಬಾರದ ಹಳ್ಳಿಯ ಮುದುಕಿಯದು. ಆದರೆ ಧರ್ಮಶಾಸ್ತ್ರಕಾರರೂ ರಾಜರೂ ನ್ಯಾಯಾಧೀಶರೂ ಶತಮಾನಗಳ ಕಾಲ ತಲೆ ಕೆಡಿಸಿಕೊಂಡ ಪ್ರಶ್ನೆಯೂ ಅದೇ ಆಗಿತ್ತು. ಒಬ್ಬನಿಗೆ ವಿಧಿಸಿದ ದಂಡವನ್ನು ಅವನ ಮನೆಯವರು ತೆರಬೇಕೆ?

ಮೊದಲು ಪದಗಳನ್ನು ನೋಡೋಣ. ಭಾಷೆಯ ಮೇಷ್ಟರಿಗೆ ಅದೊಂದು ಚಟ. ನಮ್ಮ ಕಡೆಯ ಜನರ ಬಾಯಲ್ಲಿ ಜಪ್ತಿಗೆ ಬಂದವರೆಲ್ಲ 'ಅಮೀನ'ರೇ. ಅರಬ್ಬೀ ಮೂಲದ ಈ ಪದಕ್ಕೆ ನಂಬಿಕಸ್ತ ಎಂದು ಅರ್ಥ. ಜಪ್ತಿಯೂ ಅರಬ್ಬಿಯಿಂದಲೇ ಬಂದದ್ದು. ನಿಜಾಮರ ಕಾಲದವರು ಜಪ್ತಿಗೆ ಬದಲಾಗಿ 'ಕುರ್ಕಿ' ಎನ್ನುತ್ತಿದ್ದರು. ಅದರ ಬೇರು ತುರ್ಕಿ ಭಾಷೆಯಲ್ಲಿದೆ. ಹರಾಜು ಅರಬ್ಬಿಯದು, ಅದನ್ನೇ ಲಿಲಾವು ಎಂದರೆ ಪೋರ್ತುಗೀಜರದು. ಬೇಲಿಫ್ ಎಂಬ ಇಂಗ್ಲಿಷ್ ಪದ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿಗೆ ಹೋಗುತ್ತದೆ. ಅಲ್ಲಿ ಅದರ ಮೂಲಪದಕ್ಕೆ ಹೊರೆ ಹೊರುವವನು ಎಂದು ಅರ್ಥ. ನಮ್ಮ ಹಂಡೆಯನ್ನು ಹೊತ್ತವರನ್ನು ನೋಡಿದ ನನಗೆ ಆ ಅರ್ಥ ಉಚಿತವಾಗಿಯೇ ಕಂಡಿತು. ಹೀಗೆ ಬಾಗಿಲಿಗೆ ಬರುವವನ ಹೆಸರು ಆಳುವವರೊಂದಿಗೆ ಬದಲಾಗುತ್ತ ಬಂದಿದೆ. ಬದಲಾಗದೆ ಉಳಿದದ್ದು 'ದಂಡ' ಎಂಬ ಪದವೊಂದೇ. ಕನ್ನಡದಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಬೆಳೆದುಕೊಂಡಿದೆ. ವ್ಯರ್ಥವಾದುದನ್ನು ನಾವು 'ದಂಡವಾಯಿತು' ಎನ್ನುತ್ತೇವೆ. ತಾನು ಮಾಡದ ತಪ್ಪಿಗೆ ಹಣ ತೆತ್ತವರು ಯಾರೋ ಈ ಅರ್ಥವನ್ನು ಹುಟ್ಟಿಸಿರಬೇಕು ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು.

ಇರಲಿ. ಆಯಿಯ ಪ್ರಶ್ನೆಗೆ ಉತ್ತರ ನನಗೆ ದೊರೆತದ್ದು ಕನ್ನಡ ಎಂ.ಎ. ಓದುವ ದಿನಗಳಲ್ಲಿ. ಚಾಲುಕ್ಯರ ಕಾಲದ ಸಾಹಿತ್ಯದ ಹಿನ್ನೆಲೆಯನ್ನು ತಿಳಿಯಲೆಂದು 'ಮಿತಾಕ್ಷರ'ದ ಪುಟಗಳನ್ನು ತಿರುವುತ್ತಿದ್ದೆ. ಉತ್ತರ ಬಂದದ್ದು ಕಾಶಿಯಿಂದಲ್ಲ, ಲಂಡನ್ನಿನಿಂದಲೂ ಅಲ್ಲ. ನಮ್ಮದೇ ಬೀದರ ಜಿಲ್ಲೆಯ ಕಲ್ಯಾಣದಿಂದ.

ಇಂದಿನ ಬಸವಕಲ್ಯಾಣವೇ ಅಂದಿನ ಕಲ್ಯಾಣ. 1042ರಿಂದ 1068ರ ವರೆಗೆ ಆಳಿದ ಒಂದನೆಯ ಸೋಮೇಶ್ವರ ಅದನ್ನು ರಾಜಧಾನಿಯಾಗಿ ಬೆಳೆಸಿದ. ಅವನ ಮಗ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು, ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಆರಂಭಿಸಿ, ಐವತ್ತು ವರ್ಷ ರಾಜ್ಯವಾಳಿದ. ಕಾಶ್ಮೀರದಿಂದ ಬಂದ ಬಿಲ್ಹಣ ಅವನನ್ನು ಕುರಿತು ಕಾವ್ಯ ಬರೆದ. ಹುಮನಾಬಾದ ತಾಲೂಕಿನ ಜಲಸಂಗಿಯ ದೇವಾಲಯದ ಗೋಡೆಯ ಮೇಲೆ ಆ ದೊರೆಯ ಪ್ರಶಸ್ತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆಯನ್ನು ನಮ್ಮ ಜಿಲ್ಲೆಗೆ ಬಂದವರು ನೋಡಿರಬಹುದು. ಈ ದೊರೆಯ ಕಾಲದಲ್ಲಿ, ಈ ಪಟ್ಟಣದಲ್ಲಿ, ಪದ್ಮನಾಭಭಟ್ಟರ ಮಗ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನವನ್ನು ಬರೆದ. ಅದೇ ಮಿತಾಕ್ಷರ. ಅಕ್ಷರಗಳು ಮಿತವಾಗಿರುವುದು ಎಂಬುದು ಹೆಸರಿನ ಅರ್ಥ. ಗ್ರಂಥದ ಕೊನೆಯಲ್ಲಿ ಆತ ಕಲ್ಯಾಣದಂಥ ನಗರವಾಗಲಿ, ವಿಕ್ರಮನಂಥ ಅರಸನಾಗಲಿ, ತನ್ನಂಥ ಪಂಡಿತನಾಗಲಿ ಬೇರೆ ಇಲ್ಲವೆಂಬ ಅಭಿಪ್ರಾಯ ಬರುವಂತೆ ಹೇಳಿಕೊಂಡಿದ್ದಾನೆ. ವಿನಯ ಮಿತವಾಯಿತು ಎಂದು ಯಾರಾದರೂ ನಗಬಹುದು. ಆದರೆ ಬಂಗಾಳದ ಕಡೆಯನ್ನು ಬಿಟ್ಟರೆ ಭರತಖಂಡದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ವ್ಯವಹಾರಕ್ಕೆ ಈ ಗ್ರಂಥವೇ ಆಧಾರವಾಯಿತು. 1810ರಲ್ಲಿ ಕೋಲ್‌ಬ್ರೂಕ್ ಇದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷರ ನ್ಯಾಯಾಲಯಗಳೂ ಕಲ್ಯಾಣದ ಈ ಪಂಡಿತನ ಮಾತಿಗೆ ಕಿವಿಗೊಟ್ಟವು. ತನ್ನನ್ನು ಹೊಗಳಿಕೊಂಡದ್ದರಲ್ಲಿ ಆತ ತೀರ ತಪ್ಪಿರಲಿಲ್ಲ.

ಸ್ಮೃತಿಯಲ್ಲಿ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಅಧ್ಯಾಯಗಳಿವೆ. ಸಾಲದ ಮಾತು ಬರುವುದು ವ್ಯವಹಾರಾಧ್ಯಾಯದಲ್ಲಿ. ಸಾಲ ಮಾಡಿದ ತಂದೆ ಸತ್ತರೆ, ದೇಶಾಂತರ ಹೋದರೆ, ಅಥವಾ ತೀರದ ಕಷ್ಟಕ್ಕೆ ಸಿಕ್ಕಿದರೆ ಆ ಸಾಲವನ್ನು ಮಕ್ಕಳು, ಮೊಮ್ಮಕ್ಕಳು ತೀರಿಸಬೇಕು ಎಂಬುದು ಸಾಮಾನ್ಯ ನಿಯಮ. ಅದು ಬರಿಯ ಲೌಕಿಕ ಹೊಣೆಯಲ್ಲ, ಧರ್ಮದ ಹೊಣೆ. ತಂದೆಯನ್ನು ಋಣಮುಕ್ತನನ್ನಾಗಿ ಮಾಡುವುದು ಮಗನ ಕರ್ತವ್ಯ ಎಂಬ ನಂಬಿಕೆ ಅದರ ಹಿಂದಿದೆ. ಇಷ್ಟು ಕಟ್ಟುನಿಟ್ಟಾದ ನಿಯಮವನ್ನು ಹೇಳುವ ಶಾಸ್ತ್ರವೇ ಕೆಲವು ಬಾಕಿಗಳನ್ನು ಪ್ರತ್ಯೇಕವಾಗಿ ಎತ್ತಿ ಬದಿಗಿಡುತ್ತದೆ. ಕುಡಿತಕ್ಕಾಗಿ ಮಾಡಿದ್ದು, ಕಾಮಕ್ಕಾಗಿ ಮಾಡಿದ್ದು, ಜೂಜಿಗಾಗಿ ಮಾಡಿದ್ದು, ಕೊಡುತ್ತೇನೆಂದು ಸುಮ್ಮನೆ ಆಡಿದ ವ್ಯರ್ಥದಾನದ ಮಾತು, ಇವುಗಳನ್ನು ಮಗ ತೀರಿಸಬೇಕಾಗಿಲ್ಲ. ಇವುಗಳ ಸಾಲಿನಲ್ಲಿಯೇ ಇನ್ನೆರಡು ಇವೆ: ದಂಡದಲ್ಲಿ ಉಳಿದ ಬಾಕಿ, ಸುಂಕದಲ್ಲಿ ಉಳಿದ ಬಾಕಿ.

ಇಲ್ಲೊಂದು ತೊಡಕು ಬಂತು. ಮೂಲದಲ್ಲಿರುವುದು ಉಳಿಕೆ ಎಂಬರ್ಥದ ಪದ. ಅಂದ ಮೇಲೆ ಅರ್ಧ ದಂಡ ಕಟ್ಟಿ ಅರ್ಧ ಉಳಿಸಿ ಸತ್ತವನ ಮಗನಿಗೆ ಮಾತ್ರ ಬಿಡುಗಡೆಯೋ? ಏನನ್ನೂ ಕಟ್ಟದೆ ಸತ್ತವನ ಮಗ ಇಡೀ ದಂಡವನ್ನು ತೆರಬೇಕೋ? ಸರಕಾರದ ಪರವಾದ ವಕೀಲನೊಬ್ಬ ಹೀಗೆ ವಾದಿಸಿದರೆ ಆಶ್ಚರ್ಯವಿಲ್ಲ. ವಿಜ್ಞಾನೇಶ್ವರ ಈ ವಾದವನ್ನು ಮೊದಲೇ ಕಂಡುಕೊಂಡು ಅದರ ಬಾಯಿ ಕಟ್ಟಿದ್ದಾನೆ. ಉಳಿಕೆ ಎಂದ ಮಾತ್ರಕ್ಕೆ ಪೂರ್ಣದಂಡವನ್ನು ಮಗ ಕೊಡಬೇಕೆಂದು ಭಾವಿಸಬಾರದು ಎಂದು ಹೇಳಿ, ಉಶನಸ್ಸಿನ ಸ್ಮೃತಿಯನ್ನು ಸಾಕ್ಷಿಗೆ ಕರೆಯುತ್ತಾನೆ. ದಂಡವಾಗಲಿ ಅದರ ಶೇಷವಾಗಲಿ, ಸುಂಕವಾಗಲಿ ಅದರ ಶೇಷವಾಗಲಿ, ವ್ಯಾವಹಾರಿಕವಲ್ಲದ ಬೇರೆ ಯಾವುದೇ ಆಗಲಿ, ಮಗನ ಮೇಲೆ ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. 'ಅವ್ಯಾವಹಾರಿಕ' ಎಂಬ ಆ ಒಂದು ಪದದ ಅರ್ಥವನ್ನು ಬಿಡಿಸಲು ಬ್ರಿಟಿಷರ ಕಾಲದ ನ್ಯಾಯಾಧೀಶರು ಪುಟಗಟ್ಟಲೆ ಬರೆದರು. 1943ರಲ್ಲಿಯೂ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ಚರ್ಚಿಸುತ್ತಿತ್ತು.

ನಮ್ಮ ಆಯಿಗೆ ನೇರವಾಗಿ ಅನ್ವಯಿಸುವ ಮಾತು ಇದರ ಪಕ್ಕದಲ್ಲಿಯೇ ಇದೆ. ಗಂಡ ಮಾಡಿದ ಸಾಲವನ್ನಾಗಲಿ ಮಗ ಮಾಡಿದ ಸಾಲವನ್ನಾಗಲಿ ಹೆಂಗಸು ತೀರಿಸಬೇಕಾಗಿಲ್ಲ. ಮಗನ ಸಾಲವನ್ನು ತಂದೆ ತೀರಿಸಬೇಕಾಗಿಲ್ಲ. ಹೆಂಡತಿಯ ಸಾಲವನ್ನು ಗಂಡ ತೀರಿಸಬೇಕಾಗಿಲ್ಲ. ಆದರೆ ಕುಟುಂಬದ ಪೋಷಣೆಗಾಗಿ ಮಾಡಿದ ಸಾಲಕ್ಕೆ ಈ ವಿನಾಯಿತಿ ಇಲ್ಲ. ಹೆಂಡತಿಯ ದುಡಿಮೆಯಿಂದ ಸಂಸಾರ ನಡೆಯುವ ಗೊಲ್ಲರು, ಹೆಂಡ ಮಾರುವವರು, ನಟರು, ಅಗಸರು, ಬೇಡರು ಇವರ ಮನೆಗಳಲ್ಲಿ ಮಾತ್ರ ಹೆಂಡತಿಯ ಸಾಲ ಗಂಡನಿಗೂ ತಗಲುತ್ತದೆ. ಇಲ್ಲಿರುವ ತರ್ಕವನ್ನು ಗಮನಿಸಬೇಕು. ಯಾರು ಉಂಡರು ಎಂಬುದೇ ಅಳತೆಗೋಲು. ಸಾಲದ ಕಾಳಿನಿಂದ ಮನೆಯವರೆಲ್ಲ ಉಂಡಿದ್ದರೆ ಮನೆಯವರೆಲ್ಲ ಹೊಣೆ. ಆದರೆ ದಂಡದಿಂದ ಯಾರು ಉಂಡರು? ಕಾಕಾ ಸಂತೆಯಲ್ಲಿ ಎತ್ತಿದ ಕೈಯಿಂದ ನಮ್ಮ ಮನೆಯ ಒಲೆ ಉರಿಯಲಿಲ್ಲ. ಋಣ ಮನೆಗೆ ಬರುತ್ತದೆ, ದಂಡ ತಪ್ಪಿತಸ್ಥನ ಮೈಮೇಲೆ ನಿಲ್ಲುತ್ತದೆ. ಆಯಿ ಕೇಳಿದ್ದೂ ಇದನ್ನೇ.

ಈ ನಿಯಮದ ಬೆಲೆ ತಿಳಿಯಬೇಕಾದರೆ ಆ ಕಾಲದ ಅರಸರಿಗೆ ದಂಡದ ಹಣ ಎಷ್ಟು ಬೇಕಾದುದಾಗಿತ್ತು ಎಂಬುದನ್ನು ನೆನೆಯಬೇಕು. ಚಾಲುಕ್ಯರಿಗಿಂತ ಹಿಂದಿನ ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ ಗ್ರಾಮವನ್ನು ದಾನ ಕೊಡುವಾಗ ಹತ್ತು ಬಗೆಯ ಅಪರಾಧಗಳ ದಂಡದ ಹಕ್ಕನ್ನೂ ಸೇರಿಸಿ ಕೊಟ್ಟಿರುವುದು ಕಾಣುತ್ತದೆ. ದಂಡವೆಂದರೆ ಆದಾಯ, ದಾನವಾಗಿ ಕೊಡಬಹುದಾದಷ್ಟು ನೆಚ್ಚಿಕೆಯ ಆದಾಯ. ಅದನ್ನು ಅಪರಾಧಿಯಿಂದ ವಸೂಲು ಮಾಡಲಾಗದಿದ್ದರೆ ಅವನ ಮಗನಿಂದ ಕೀಳುವುದು ಅಧಿಕಾರಿಗೆ ಅತ್ಯಂತ ಸುಲಭದ ದಾರಿ. ಆ ದಾರಿಯನ್ನು ಮುಚ್ಚುವ ಮಾತನ್ನು ರಾಜಧಾನಿಯಲ್ಲಿಯೇ ಕುಳಿತ ಪಂಡಿತನೊಬ್ಬ ಬರೆದ. ಊರೂರಿನಲ್ಲಿ ಅದು ಎಷ್ಟರ ಮಟ್ಟಿಗೆ ನಡೆಯಿತೋ ಬೇರೆ ಮಾತು. ಗ್ರಂಥದಲ್ಲಿ ಅದು ನಿಂತಿತು.

ಅದೇ ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿ ವ್ಯವಸ್ಥೆ ಬೇರೆಯಾಗಿತ್ತು. ಅಲ್ಲಿ ಹತ್ತು ಹತ್ತು ಜನರ ಗುಂಪುಗಳನ್ನು ಕಟ್ಟಿ ಒಬ್ಬರಿಗೊಬ್ಬರನ್ನು ಜಾಮೀನು ಮಾಡುತ್ತಿದ್ದರು. ಗುಂಪಿನವನೊಬ್ಬ ತಪ್ಪು ಮಾಡಿ ಓಡಿಹೋದರೆ ಅವನನ್ನು ಹಿಡಿದು ಒಪ್ಪಿಸದ ಉಳಿದವರು ದಂಡ ತೆರಬೇಕು. 1215ರ ಮ್ಯಾಗ್ನಾ ಕಾರ್ಟಾ ದಂಡಕ್ಕೆ ಒಂದು ಮಿತಿಯನ್ನು ಹಾಕಿತು. ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಮಾತ್ರ ದಂಡ ವಿಧಿಸಬೇಕು. ಅದು ಮನುಷ್ಯನ ಬದುಕನ್ನೇ ಕಿತ್ತುಕೊಳ್ಳುವಂತಿರಬಾರದು. ವ್ಯಾಪಾರಿಗೆ ಅವನ ಸರಕನ್ನೂ ರೈತಾಳಿಗೆ ಅವನ ಬೇಸಾಯದ ಸಾಧನಗಳನ್ನೂ ಬಿಡಬೇಕು ಎಂದಿತು. ಬಾಗಿಲಿಗೆ ಬಂದವನು ಯಾವುದನ್ನು ಮುಟ್ಟಬಾರದು ಎಂಬ ಪ್ರಶ್ನೆ ಹೀಗೆ ಎರಡು ದೇಶಗಳಲ್ಲಿ ಎರಡು ಬಗೆಯಾಗಿ ಎದ್ದಿತು. ಅಲ್ಲಿ ವಸ್ತುವನ್ನು ಉಳಿಸುವ ಚಿಂತೆ ಮೊದಲು ಬಂತು, ಇಲ್ಲಿ ಮಕ್ಕಳನ್ನು ಉಳಿಸುವ ಚಿಂತೆ.

ಹಾಗೆಂದು ನಮ್ಮ ಪ್ರಾಚೀನರೆಲ್ಲ ಸಮದರ್ಶಿಗಳಾಗಿದ್ದರೆಂದು ಹೊಗಳಿ ಮುಗಿಸುವುದು ಸರಿಯಲ್ಲ. ಇದೇ ಸ್ಮೃತಿಯಲ್ಲಿ ಒಂದೇ ತಪ್ಪಿಗೆ ವರ್ಣವನ್ನು ನೋಡಿ ದಂಡವನ್ನು ಏರಿಸುವ, ಇಳಿಸುವ ಕ್ರಮವಿದೆ. ಸಾಲ ತೀರಿಸಲಾರದ ಕೀಳು ಜಾತಿಯವನಿಂದ ದುಡಿಸಿಕೊಳ್ಳಬೇಕು, ಬ್ರಾಹ್ಮಣನಾದರೆ ಕೂಡಿಬಂದಂತೆ ನಿಧಾನವಾಗಿ ಕೊಡಬಹುದು ಎನ್ನುವುದೂ ಅಲ್ಲಿಯದೇ ಮಾತು. ಇನ್ನು ಅರ್ಧ ಶತಮಾನದಲ್ಲಿ ಅದೇ ಕಲ್ಯಾಣದ ಬೀದಿಗಳಲ್ಲಿ ಶರಣರು ಈ ಹುಟ್ಟಿನ ಲೆಕ್ಕವನ್ನೇ ಪ್ರಶ್ನಿಸಿದರೆಂಬುದನ್ನು ನಾವು ಮರೆಯುವಂತಿಲ್ಲ. ತಪ್ಪು ಮಾಡಿದವನದು ಎಂಬ ನಿಯಮವನ್ನು ಸ್ವೀಕರಿಸೋಣ. ತಪ್ಪನ್ನು ಜಾತಿಯಿಂದ ಅಳೆಯುವ ಕೋಲನ್ನು ಅಲ್ಲಿಯೇ ಬಿಡೋಣ.

ಕಲ್ಯಾಣದಿಂದ ಬೀದರಕ್ಕೆ ಬರೋಣ. ಹದಿನೈದನೆಯ ಶತಮಾನದಲ್ಲಿ ಬೀದರ ಬಹಮನೀ ಸುಲ್ತಾನರ ರಾಜಧಾನಿ. ಇಂದು ಸೊಲ್ಲಾಪುರ ಜಿಲ್ಲೆಗೆ ಸೇರಿರುವ ಮಂಗಳವೇಢೆಯಲ್ಲಿ ದಾಮಾಜಿಪಂತನೆಂಬ ಅಧಿಕಾರಿಯಿದ್ದ. 1460ರ ಸುಮಾರಿನ ಒಂದು ಘೋರ ಬರಗಾಲಕ್ಕೆ ಇಂದಿಗೂ ಅವನದೇ ಹೆಸರು. ಹಸಿದ ಜನರಿಗೆ ಆತ ಸರಕಾರದ ಕಣಜಗಳನ್ನು ತೆರೆದುಕೊಟ್ಟ. ಸುದ್ದಿ ತಿಳಿದ ಸುಲ್ತಾನ ಅವನನ್ನು ಹಿಡಿದು ತರಲು ಆಳುಗಳನ್ನು ಕಳುಹಿಸಿದ. ದಾಮಾಜಿ ಬೀದರವನ್ನು ತಲುಪುವ ಮೊದಲೇ ವಿಠೂ ಮಹಾರ ಎಂಬೊಬ್ಬ ದರಬಾರಿಗೆ ಬಂದು, ಧಾನ್ಯದ ಬೆಲೆಯನ್ನೆಲ್ಲ ಸುರಿದು, ರಸೀದಿ ಪಡೆದು ಹೊರಟುಹೋದ. ಆ ವಿಠೂ ಬೇರೆ ಯಾರೂ ಅಲ್ಲ, ಪಂಢರಪುರದ ವಿಠ್ಠಲನೇ ಎಂಬುದು ಭಕ್ತರ ನಂಬಿಕೆ. 1762ರಲ್ಲಿ ಮಹೀಪತಿ ಮರಾಠಿಯಲ್ಲಿ ಬರೆದ 'ಭಕ್ತವಿಜಯ'ದಲ್ಲಿ ಈ ಕಥೆ ಬರುತ್ತದೆ. ಎಕಂಬಾದಂಥ ಗಡಿಯ ಊರುಗಳಲ್ಲಿ ಮರಾಠಿಯ ಕೀರ್ತನಕಾರರೂ ಕನ್ನಡದ ಭಜನೆಯವರೂ ಬೇರೆ ಬೇರೆಯಲ್ಲ. ಈ ಕಥೆಯನ್ನು ನಾನು ಮೊದಲು ಕೇಳಿದ್ದು ಆಯಿಯ ತೊಡೆಯ ಮೇಲೆ.

ಇತಿಹಾಸಕಾರ ಈ ಪವಾಡವನ್ನು ದಾಖಲೆಯೆಂದು ಒಪ್ಪಲಾರ. ಆದರೆ ಜನ ಇದನ್ನು ಐದು ಶತಮಾನ ಕಾಪಾಡಿಕೊಂಡು ಬಂದದ್ದು ಸುಮ್ಮನೆ ಅಲ್ಲ. ವಿಠೂ ಆ ಹಣವನ್ನು ಕೊಡಬೇಕಾಗಿದ್ದವನಲ್ಲ. ಯಾವ ಆಳೂ ಅವನ ಮನೆಯ ಬಾಗಿಲಿಗೆ ಬಂದಿರಲಿಲ್ಲ, ಯಾವ ಹಂಡೆಯೂ ಗಾಡಿಯೇರಿರಲಿಲ್ಲ. ಕೊಡಬೇಕಾಗಿಲ್ಲದವನು ತಾನಾಗಿ ಬಂದು ಕೊಟ್ಟ. ಆದುದರಿಂದಲೇ ಅದು ಭಕ್ತಿಯ ಕಥೆಯಾಯಿತು. ಅದೇ ಹಣವನ್ನು ಸುಲ್ತಾನನ ಆಳುಗಳು ದಾಮಾಜಿಯ ಅಣ್ಣತಮ್ಮಂದಿರ ಮನೆ ಹೊಕ್ಕು ಎಳೆದು ತಂದಿದ್ದರೆ ಯಾರೂ ಅದನ್ನು ಹಾಡುತ್ತಿರಲಿಲ್ಲ.

ಇನ್ನು ಬ್ರಿಟಿಷರ ಕಾಲ. 1860ರ ಭಾರತೀಯ ದಂಡ ಸಂಹಿತೆಯ 70ನೆಯ ಕಲಮು ದಂಡದ ವಸೂಲಿಗೆ ಸಾಮಾನ್ಯವಾಗಿ ಆರು ವರ್ಷದ ಅವಧಿಯನ್ನು ಕೊಟ್ಟಿತು. ಅಪರಾಧಿ ಸತ್ತರೂ, ಅವನ ಸಾಲಗಳಿಗೆ ಹೊಣೆಯಾಗುವ ಅವನ ಆಸ್ತಿಗೆ ಬಿಡುಗಡೆಯಿಲ್ಲ ಎಂದಿತು. ಅವನ ಆಸ್ತಿ ಎಂದಿತೇ ಹೊರತು ಅವನ ಬಂಧುಗಳ ಆಸ್ತಿ ಎನ್ನಲಿಲ್ಲ. ಆದರೆ ಅದೇ ಸರಕಾರ ಭಯ ಬಿದ್ದಾಗ ಈ ಗೆರೆಯನ್ನು ತಾನೇ ಅಳಿಸಿತು. 1861ರ ಪೊಲೀಸ್ ಕಾಯಿದೆ ಗಲಭೆಯಾದ ಪ್ರದೇಶಕ್ಕೆ ಹೆಚ್ಚಿನ ಪೊಲೀಸರನ್ನು ಕಳುಹಿಸಿ ಅದರ ವೆಚ್ಚವನ್ನು ಅಲ್ಲಿಯ ನಿವಾಸಿಗಳ ಮೇಲೆ ಹೇರಲು ದಾರಿ ಮಾಡಿತ್ತು. 1932ರ ಜನವರಿಯಲ್ಲಿ ಹೊರಟ ತುರ್ತು ಅಧಿಕಾರದ ಸುಗ್ರೀವಾಜ್ಞೆ ಇನ್ನೂ ಮುಂದೆ ಹೋಗಿ, ಚಳವಳಿಯಲ್ಲಿ ಸೇರಿ ದಂಡಕ್ಕೆ ಗುರಿಯಾದ ಹದಿನಾರರೊಳಗಿನ ಬಾಲಕರ ದಂಡವನ್ನು ಅವರ ತಂದೆಯಿಂದಲೋ ಪೋಷಕರಿಂದಲೋ ವಸೂಲು ಮಾಡುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಟ್ಟಿತು. ಮಗನ ಸಾಲವನ್ನು ತಂದೆ ತೀರಿಸಬೇಕಾಗಿಲ್ಲ ಎಂದ ಕಲ್ಯಾಣದ ಮಾತು ಹೀಗೆ ತಲೆಕೆಳಗಾಯಿತು. 1942ರಲ್ಲಿ ಸಾಮೂಹಿಕ ದಂಡಕ್ಕಾಗಿಯೇ ಬೇರೊಂದು ಸುಗ್ರೀವಾಜ್ಞೆ ಬಂತು.

ಆಗಿನ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆಯಲ್ಲಿ, ಮುಖ್ಯವಾಗಿ ಅಂಕೋಲೆ ಮತ್ತು ಸಿದ್ದಾಪುರ ತಾಲೂಕುಗಳಲ್ಲಿ, ಕರನಿರಾಕರಣೆಯ ರೈತರ ಮನೆಗಳ ಮುಂದೆ ಜಪ್ತಿಯ ಗಾಡಿಗಳು ನಿಂತ ಚರಿತ್ರೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಅಲ್ಲಿ ಬಾಕಿ ಕಂದಾಯದ್ದು. ಆದರೆ ಹೊಸ್ತಿಲಿನ ಮೇಲಿನ ನೋವು ಒಂದೇ. ಗಂಡಸರು ಸೆರೆಮನೆಯಲ್ಲಿ, ಬಾಗಿಲಿನಲ್ಲಿ ಹೆಂಗಸರು. ಜಪ್ತಿಯಾದ ಆಸ್ತಿಯನ್ನು ಲಿಲಾವಿನಲ್ಲಿ ಕೊಂಡವರ ಮನೆಯ ಮುಂದೆ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ 1932ರಲ್ಲಿ ಹೆಂಗಸರೇ ಉಪವಾಸ ಕುಳಿತರು. ಸರಕಾರದ ಆಳನ್ನು ತಡೆಯುವುದು ಅವರ ಕೈಯಲ್ಲಿರಲಿಲ್ಲ. ಕೊಂಡ ನೆರೆಯವನ ಮನಸ್ಸನ್ನು ತಟ್ಟುವುದು ಅವರ ಕೈಯಲ್ಲಿತ್ತು. ಜಪ್ತಿಯೆಂಬುದು ಕೊಳ್ಳುವವನಿದ್ದರೆ ಮಾತ್ರ ಪೂರ್ತಿಯಾಗುತ್ತದೆ ಎಂಬ ಸತ್ಯವನ್ನು ಯಾವ ಶಾಸ್ತ್ರವನ್ನೂ ಓದದ ಆ ತಾಯಂದಿರು ಕಂಡುಕೊಂಡಿದ್ದರು.

ನಮ್ಮ ಬೀದರ ಆಗ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. ಮನೆಗೆ ಬಂದ ಕಾಗದದಲ್ಲಿ ಏನಿದೆ ಎಂದು ಓದಿಸಿಕೊಳ್ಳಲು ಇನ್ನೊಬ್ಬರ ಬಳಿಗೆ ಹೋಗಬೇಕಾದ ಜನಕ್ಕೆ ಕಾಗದವೆಂದರೇ ಭಯ. 1948ರಲ್ಲಿ ಸಂಸ್ಥಾನ ವಿಲೀನವಾಯಿತು. 1951ರಲ್ಲಿ ಭಾರತದ ದಂಡ ಸಂಹಿತೆ ಇಲ್ಲಿಗೂ ಬಂತು. 1956ರಲ್ಲಿ ನಾವು ಕನ್ನಡ ನಾಡಿನೊಡನೆ ಒಂದಾದೆವು. ಆದರೆ ಕಾಗದದ ಭಯ ರಾಜ್ಯದ ಗಡಿಯೊಂದಿಗೆ ಬದಲಾಗಲಿಲ್ಲ. 1970ರಲ್ಲಿ ನಮ್ಮ ಬಾಗಿಲಿಗೆ ಬಂದ ವಾರಂಟಿನಲ್ಲಿದ್ದುದು ಕಾಕಾನ ಹೆಸರು. ಆಗ ಜಾರಿಯಲ್ಲಿದ್ದ 1898ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರವೂ ಜಪ್ತಿಗೆ ಒಳಗಾಗಬೇಕಾದದ್ದು ಅಪರಾಧಿಯ ಆಸ್ತಿ. ಜಪ್ತಿಯಾದ ವಸ್ತು ತನ್ನದೆಂದು ಬೇರೊಬ್ಬರು ಹೇಳಿದರೆ ಅದನ್ನು ಬೇಗನೆ ವಿಚಾರಿಸಿ ತೀರ್ಮಾನಿಸುವುದಕ್ಕೆ ನಿಯಮಗಳನ್ನು ಮಾಡಲು ಅದರಲ್ಲಿಯೇ ಅವಕಾಶವಿತ್ತು. ಆಯಿಯ ತವರಿನ ಹಂಡೆ ಕಾಕಾನದಾಗಿರಲಿಲ್ಲ. ಅಷ್ಟನ್ನು ಪಂಚನಾಮೆಯಲ್ಲಿ ಬರೆಸಬೇಕೆಂದು ಹೇಳುವವರು ಅಂಗಳದಲ್ಲಿ ಯಾರೂ ಇರಲಿಲ್ಲ.

ಇಂದು ಆ ಸಂಹಿತೆಗಳೆಲ್ಲ ಹೋಗಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಗಳು ಬಂದಿವೆ. ಹೆಸರು ಹೊಸದು, ಈ ವಿಷಯದಲ್ಲಿ ತಿರುಳು ಹಳೆಯದು. ದಂಡ ಕಟ್ಟದಿದ್ದರೆ ನ್ಯಾಯಾಲಯ ಅಪರಾಧಿಯ ಚರಾಸ್ತಿಯನ್ನು ಜಪ್ತಿ ಮಾಡಿ ಮಾರಲು ವಾರಂಟು ಹೊರಡಿಸಬಹುದು, ಅಥವಾ ಅವನ ಆಸ್ತಿಯಿಂದ ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಜಿಲ್ಲಾಧಿಕಾರಿಗೆ ಬರೆಯಬಹುದು. ದಂಡಕ್ಕೆ ಬದಲಾಗಿ ವಿಧಿಸಿದ ಸೆರೆವಾಸವನ್ನು ಆತ ಪೂರ್ತಿ ಅನುಭವಿಸಿದ್ದರೆ, ವಿಶೇಷ ಕಾರಣಗಳನ್ನು ಬರೆದಿಡದೆ, ಅಥವಾ ದಂಡದ ಹಣದಿಂದ ನೊಂದವರಿಗೆ ಪರಿಹಾರ ಕೊಡಬೇಕೆಂಬ ಆಜ್ಞೆ ಇಲ್ಲದೆ, ಅಂಥ ವಾರಂಟನ್ನು ಹೊರಡಿಸುವಂತಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅಪರಾಧಿಯ ಪಾಲಿನ ಪ್ರಶ್ನೆ ಬಂದರೆ ಮಾತ್ರ ವಕೀಲರನ್ನು ಕೇಳಲೇಬೇಕು. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಒಂದೇ ಆಧಾರದ ಮೇಲೆ ಮಕ್ಕಳನ್ನು ಹಿಡಿಯುವ ಹಕ್ಕನ್ನು ಕೂಡ, ಅಲ್ಲಿಂದ ಮುಂದಿನ ಸಾಲಗಳ ಮಟ್ಟಿಗೆ, ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಕೊನೆಗಾಣಿಸಿದೆ.

ಆದುದರಿಂದ ಬಾಗಿಲಿಗೆ ಯಾರಾದರೂ ಬಂದರೆ ಬೆದರಬೇಕಾಗಿಲ್ಲ, ಜಗಳಕ್ಕೂ ನಿಲ್ಲಬೇಕಾಗಿಲ್ಲ. ಕರ್ತವ್ಯದ ಮೇಲೆ ಬಂದವರಿಗೆ ಅಡ್ಡಿ ಮಾಡುವುದು ಬೇರೆಯೇ ಅಪರಾಧವಾದೀತು. ವಾರಂಟಿನಲ್ಲಿ ಯಾರ ಹೆಸರಿದೆ ಎಂದು ಓದಿಸಿ ಕೇಳಬೇಕು. ಯಾವ ವಸ್ತು ಯಾರದು ಎಂದು ಪಂಚರ ಮುಂದೆ ಹೇಳಿ ಬರೆಸಬೇಕು. ಪಂಚನಾಮೆಯ ನಕಲನ್ನು ಕೇಳಬೇಕು. ಬೇರೆಯವರ ವಸ್ತು ಹೋದರೆ ತಡಮಾಡದೆ ಅದೇ ನ್ಯಾಯಾಲಯಕ್ಕೆ ಅರ್ಜಿ ಕೊಡಬೇಕು. ಹಣವನ್ನು ಕೊಟ್ಟರೆ ರಸೀದಿಯಿಲ್ಲದೆ ಕೊಡಬಾರದು. ಕಾನೂನು ಸೇವಾ ಪ್ರಾಧಿಕಾರಗಳ 1987ರ ಕಾಯಿದೆಯಂತೆ ಹೆಂಗಸರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲೂಕು ನ್ಯಾಯಾಲಯಗಳಲ್ಲಿರುವ ಕಾನೂನು ಸೇವಾ ಸಮಿತಿ ಇರುವುದೇ ಇಂಥವರಿಗಾಗಿ.

ಮಿತಾಕ್ಷರದಲ್ಲಿ ಆ ಮಾತನ್ನು ಓದಿದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ನಾನು ಬಹಳ ಉತ್ಸಾಹದಿಂದ ತಂದೆಯವರಿಗೆ ಎಲ್ಲವನ್ನೂ ವಿವರಿಸಿದೆ. ಆಯಿ ಆಗ ಇರಲಿಲ್ಲ. ಕಾಕಾ ಹೈದರಾಬಾದಿನಿಂದ ಎಂದೋ ಮರಳಿ ಬಂದು ನಮ್ಮ ಪಕ್ಕದ ಮನೆಯಲ್ಲಿಯೇ ಸಂಸಾರ ಹೂಡಿದ್ದ. ಅಣ್ಣನ ಹಣವನ್ನು ಎರಡು ಸುಗ್ಗಿಯಲ್ಲಿ ತೀರಿಸಿದ್ದ. "ಅಪ್ಪಾ, ಆವತ್ತು ನೀ ಕೊಡಬೇಕಂತ ಇರಲೇ ಇಲ್ಲ" ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು:

"ಗೊತ್ತಿದ್ರೂ ಕೊಡ್ತಿದ್ದೆ ನೋಡಪಾ. ತಮ್ಮ ಅಲ್ಲೇನು? ಖರೆ, ತಲಿ ತಗ್ಗಿಸಿ ಕೊಡ್ತಿರಲಿಲ್ಲ."

ವಿಜ್ಞಾನೇಶ್ವರನ ನಿಯಮದ ಪ್ರಯೋಜನ ಏನೆಂಬುದನ್ನು ನಾನು ಪುಸ್ತಕದಿಂದ ಅರಿತದ್ದಕ್ಕಿಂತ ಹೆಚ್ಚಾಗಿ ಈ ಮಾತಿನಿಂದ ಅರಿತೆ. ಬಂಧುವಿನ ಕಷ್ಟಕ್ಕೆ ಬಂಧು ಆಗಬಾರದೆಂದು ಆ ನಿಯಮ ಹೇಳುವುದಿಲ್ಲ. ಆಗುವುದಾದರೆ ವಿಠೂವಿನಂತೆ ತಾನಾಗಿ ಬಂದು ಆಗಲಿ, ಗಾಡಿಯೇರಿದ ಹಂಡೆಯನ್ನು ಬಿಡಿಸುವುದಕ್ಕಾಗಿ ಅಲ್ಲ ಎಂದಷ್ಟೇ ಹೇಳುತ್ತದೆ.

ಆ ರಸೀದಿ ಈಗ ನನ್ನಲ್ಲಿದೆ. ಮಡಿಕೆಗಳಲ್ಲಿ ಹರಿದಿದೆ, ಮಸಿ ಮಾಸಿದೆ. ಹೆಸರು ಕಾಕಾನದು, ಹಣ ಕಟ್ಟಿದವರ ಹೆಸರಿಗೆ ಅದರಲ್ಲಿ ಜಾಗವೇ ಇಲ್ಲ. ಹಂಡೆ ಈಗಲೂ ಎಕಂಬಾದ ಮನೆಯ ಬಚ್ಚಲಿನಲ್ಲಿದೆ. ಹಬ್ಬಕ್ಕೆ ಹೋದಾಗ ಅದರಲ್ಲಿ ಕಾಯಿಸಿದ ನೀರಿನಲ್ಲಿಯೇ ನಾವೆಲ್ಲ ಸ್ನಾನ ಮಾಡುತ್ತೇವೆ, ಕಾಕಾನ ಮೊಮ್ಮಕ್ಕಳೂ ಸೇರಿ.